ಬರೀ ತುಟಿ

ಫ್ಯಾನಿನ ಗಾಳಿಗೆ ಹಾಡಿನ ಹಾಳೆ ಪಟಪಟ ಅನ್ನುತ್ತಿದೆ, ಹೆಬ್ಬೆರಳಲ್ಲಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಆ ಸದ್ದೂ ಮೈಕಿಗೆ ಬೀಳುತ್ತದೆ, ಮೈಕು, ಯಾವಾಗ ನೋಡಿದರೂ ಇವಳಿಗೆ ಮೈಕಿನದೇ ಚಿಂತೆ, ಅತ್ತ ಪಾದ್ರಿಗಳು ಕೇಳುತ್ತಿದ್ದಾರೆ, ನಾವು ಆರಾಧನೆ ಯಾತಕ್ಕೆ ಮಾಡ್ತೀವಿ, ದೇವರಿಗೇನು ಹಾಡಿನ ಕೊರತೆ ಇದೆಯಾ — ಸಭೆ ತಲೆಯಾಡಿಸಿತು, ಗಾಯನ ಮಂಡಳಿಯ ಮುಂದೆ ಕೂತ ಇವಳೂ ಆಡಿಸಿದಳು, ನಾಯಕಿ ಅಲ್ಲವೇ, ಆಡಿಸುತ್ತಲೇ ಕಣ್ಣು ಮೊದಲ ಬೆಂಚಿಗೆ ಹೋಯಿತು, ಅಲ್ಲಿ ಅತ್ತೆ, ಮಡಿಲಲ್ಲಿ ಕನ್ನಡಕದ ಡಬ್ಬಿ, ಅದೇ ಜಾಗ, ಅಲ್ಲಿಂದಲೇ ತಾನೇ ಅವರ ಧ್ವನಿ ಮೈಕಿಗೆ ಬೀಳುತ್ತಿದ್ದದ್ದು, ಮಂಡಳಿ ಒಂದು ಕಡೆ, ಅತ್ತೆ ಒಂದು ಕಡೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಆರಾಧನೆಯ ರೆಕಾರ್ಡಿಂಗ್ ಕೇಳಿ ಮಂಡಳಿಯವಳೊಬ್ಬಳು, ಅಕ್ಕಾ, ಹಿಂದೆ ಮೇಕೆ ಏನಾದ್ರೂ ಕಟ್ಟಿದ್ರಾ ಅಂದಿದ್ದಳು, ಎಲ್ಲರೂ ನಕ್ಕರು, ಇವಳೂ ನಕ್ಕಳು — ನಕ್ಕಳಲ್ಲ, ಅಯ್ಯೋ, ಎಲ್ಲರಿಗಿಂತ ಜೋರಾಗಿ ನಕ್ಕಳು, ಅವತ್ತೇ ಸಂಜೆ ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ತೊಳೆಯುತ್ತ ಹಾಡಿಕೊಳ್ಳುವಾಗ ಹಿಂದೆ ನಿಂತು ಹೇಳಿದಳು, ಅತ್ತೆ, ಇನ್ಮೇಲೆ ಚರ್ಚಲ್ಲಿ ಸುಮ್ನೆ ತುಟಿ ಆಡ್ಸಿ ಸಾಕು, ರೆಕಾರ್ಡಿಂಗ್ ಕೆಡುತ್ತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ತಿರುಗಲಿಲ್ಲ, ಸರಿಯಮ್ಮ ಅಂದರು, ನಲ್ಲಿ ಹರಿಯುತ್ತಲೇ ಇತ್ತು.

ಚರ್ಚಲ್ಲಿ ಅಂದಿದ್ದಳು, ಮನೆಯಲ್ಲಿ ಅಂದಿರಲಿಲ್ಲ, ಆದರೂ ಅಂದಿನಿಂದ ಅಡುಗೆಮನೆಯಲ್ಲಿ ನಲ್ಲಿಯದೊಂದೇ ಸದ್ದು, ಮದುವೆಯಾಗಿ ಬಂದಾಗ ಒಂದು ಕೀರ್ತನೆಯ ರಾಗವೂ ಬಾರದವಳಿಗೆ ಅದೇ ನಲ್ಲಿಯ ಹತ್ತಿರ ಸಾಲು ಸಾಲಾಗಿ ಕಲಿಸಿದವರು ಯಾರು, ಆ ಅಪಸ್ವರದಿಂದಲೇ ತಾನೇ ಈ ಸ್ವರ ಬಂದದ್ದು, ಇವತ್ತು ಬೆಳಿಗ್ಗೆ ತಿಂಡಿಗೆ ಮುಂಚೆ ಪ್ರಾರ್ಥನೆಗೂ ಅತ್ತೆಯದು ಬರೀ ತುಟಿ, ಮಗಳು ಒಂದು ಕಣ್ಣು ತೆರೆದು, ಅಜ್ಜೀ, ಮುಗೀತಾ, ಗೊತ್ತಾಗ್ತಿಲ್ಲ ಅಂದಳು, ಆಮೆನ್ ಆಯ್ತು, ತಿನ್ನು ಪುಟ್ಟಿ ಅಂದರು ಅತ್ತೆ, ತಪ್ಪಾಯ್ತು ಅತ್ತೆ ಅನ್ನುವ ಎರಡು ಮಾತಿಗೆ ಇವಳ ನಾಲಿಗೆ ಏಳಲಿಲ್ಲ, ಇಷ್ಟು ವರ್ಷ ಹಾಡಿದ್ದಾಳೆ, ಯಾರು ಶ್ರುತಿ ತಪ್ಪಿದರು, ಯಾರು ಎಳೆದರು, ತನ್ನ ಮೇಲಿನ ಸ್ವರ ಎಷ್ಟು ಚೆನ್ನಾಗಿ ಬಂತು, ಇದರಲ್ಲಿ ದೇವರ ಕಡೆ ಮುಖ ಮಾಡಿದ್ದು ಯಾವಾಗ, ನಾಚಿಕೆಯಾಗಬೇಕು, ಆಗುತ್ತಿದೆ, ಕಿವಿಯವರೆಗೂ ಬಿಸಿ. ಪಾದ್ರಿಗಳು ಕೂತರು, ಕೊನೆಯ ಹಾಡು, ಎಲ್ಲರೂ ಎದ್ದರು, ಅತ್ತೆ ಕಲಿಸಿದ ಹಾಡೇ, ಮಂಡಳಿ ಎತ್ತಿಕೊಂಡಿತು, ಸಭೆ ದನಿಗೂಡಿಸಿತು, ಇವಳ ಕೈ ತಾಳ ಹಾಕುತ್ತಿದೆ, ಎರಡನೆಯ ಚರಣದ ನಡುವೆ ಆ ಕೈ ತಾನಾಗಿ ಮುಷ್ಟಿಯಾಯಿತು, ಮುಷ್ಟಿ ಕಂಡರೆ ನಿಲ್ಲಿಸಬೇಕು, ಇವಳೇ ಹಾಕಿದ ನಿಯಮ, ಮಂಡಳಿ ನಿಂತಿತು, ಕೀಬೋರ್ಡು ನಿಂತಿತು, ಸಭೆಯೂ ಮುಗ್ಗರಿಸಿ ನಿಂತಿತು, ಈಗಲಾದರೂ ಅತ್ತೆಯ ಧ್ವನಿ ಕೇಳೀತು, ಕಣ್ಣು ಮುಚ್ಚಿ ನಿಂತ ಅತ್ತೆಗೆ ಮುಷ್ಟಿ ಕಂಡಿಲ್ಲ, ಅವರು ನಿಲ್ಲಿಸಿಲ್ಲ, ಎಲ್ಲಿ, ಆ ಒಡಕು ಧ್ವನಿ ಒಂದು ಸಲ ಬರಲಿ, ಮೈಕಿಗೇ ಬೀಳಲಿ — ಫ್ಯಾನಿನ ಸದ್ದು ಮಾತ್ರ, ಅದರ ಕೆಳಗೆ ಅತ್ತೆಯ ತುಟಿ, ಚರಣ ಮುಗಿಸಿ ಪಲ್ಲವಿಗೆ ಬಂತು, ಆಡುತ್ತಿದೆ, ಸದ್ದಿಲ್ಲ, ಆಡುತ್ತಲೇ ಇದೆ, ತುಟಿ