ಕೂಸಪ್ಪ ದಾರಿ ಕಟ್ಟಿದ ಕೊನೆಯ ಕಂತು

ಧಾರಾವಾಹಿ ನಂಬಿ ಬಾಳಿನ ತೀರ್ಮಾನ ಮಾಡುವವರು ಇರುತ್ತಾರೆಯೇ? ಸೋಮವಾರಪೇಟೆಯ ಶೋಭಿತಾ ಮಾಡಿದ್ದಳು. ವಯಸ್ಸು ಮೂವತ್ನಾಲ್ಕು, ಪಂಚಾಯಿತಿ ಕಚೇರಿಯಲ್ಲಿ ಕೆಲಸ. ಕುಶಾಲನಗರದಲ್ಲಿ ಟೈಲರ್ ಅಂಗಡಿ ಇಟ್ಟಿರುವ ಸುಮಿತಾಳ ಮೇಲೆ ಆರು ವರ್ಷದಿಂದ ಪ್ರೀತಿ, ಅವಳಿಗೂ ಇವಳ ಮೇಲೆ ಅಷ್ಟೇ. ಇದನ್ನು ಅಪ್ಪ ಕೂಸಪ್ಪನಿಗೆ ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ಅವನ ಲೆಕ್ಕದಲ್ಲಿ ಸುಮಿತಾ ಭಾನುವಾರ ಮನೆಗೆ ಬರುವ ಮಗಳ ಗೆಳತಿ, ಅಷ್ಟೇ. ಅಷ್ಟರಲ್ಲಿ ಟಿವಿಯಲ್ಲಿ ‘ಚಂಪಾ-ವೀರಾ’ ಶುರುವಾಯಿತು. ಇನ್ನೂರು ವರ್ಷದ ಹಿಂದಿನ ರಾಜಕುಮಾರಿಗೂ ಅವಳ ಅಂಗರಕ್ಷಕಿಗೂ ಪ್ರೇಮ. ಅವರಿಬ್ಬರು ಒಂದಾದ ದಿನ “ನಮ್ದೂ ಹಿಂಗೇ ಅಪ್ಪ” ಎಂದುಬಿಡುವುದು ಎಂದು ಶೋಭಿತಾ ನಿಶ್ಚಯಿಸಿದಳು.

ಕೂಸಪ್ಪ ಒಂದು ಕಂತೂ ಬಿಡದೆ ನೋಡಿದ. ಅವನ ಕಾರಣವೇ ಬೇರೆ. ಕೊಡ್ಲಿಪೇಟೆ ಹತ್ತಿರ ಶೂಟಿಂಗ್ ನಡೆದಾಗ ಮದುವೆ ಕುಣಿತಕ್ಕೆ ಊರಿನವರನ್ನು ಕರೆದಿದ್ದರು, ಮುಂದಾಳು ಇವನೇ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣು ಬಾವಿಯಿಂದ ನೀರು ಹೊತ್ತು ಬರುವಾಗ ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ಅವಳ ದಾರಿ ಕಟ್ಟುತ್ತಾರೆ, ಗಂಟೆಗಟ್ಟಲೆ ಬಿಡುವುದಿಲ್ಲ. ಕೂಸಪ್ಪ ದಾರಿ ಕಟ್ಟಿದನೆಂದರೆ ಹೆಣ್ಣು ಒಳಗೆ ಹೋಗುವಷ್ಟರಲ್ಲಿ ಊಟ ತಣ್ಣಗಾಗಿರುತ್ತಿತ್ತು.

ಭಾನುವಾರ ಸಂಜೆ ಕೊನೆಯ ಕಂತು ಬಂತು. ರಾಜಕುಮಾರಿಗೆ ಬಲವಂತದ ಮದುವೆ. ಕೊಡ ಹೊತ್ತು ಬರುವಾಗಲೇ ಅವಳು ತಪ್ಪಿಸಿಕೊಳ್ಳಬೇಕು, ಹೆಬ್ಬಾಗಿಲಲ್ಲಿ ವೀರಾ ಕುದುರೆ ಹಿಡಿದು ಕಾಯುತ್ತಿದ್ದಾಳೆ. ವಾಲಗ ಶುರುವಾಯಿತು. ಎದುರಿಗೆ ಕೂಸಪ್ಪ, ಕೈಯಲ್ಲಿ ವಾಚು ಸಮೇತ. ರಾಜಕುಮಾರಿ ಎಡಕ್ಕೆ ಹೋದರೆ ಎಡಕ್ಕೆ ಕುಣಿದ, ಬಲಕ್ಕೆ ಹೋದರೆ ಬಲಕ್ಕೆ ಕುಣಿದ. ಹೀಗೆ ಇಪ್ಪತ್ತು ನಿಮಿಷ. ನಡುವೆ ಕುದುರೆ ಲದ್ದಿ ಹಾಕಿತು, ಅದನ್ನೂ ತೋರಿಸಿದರು. ಆಮೇಲೆ ಪರದೆಯ ಮೇಲೆ ಅಕ್ಷರ ಮೂಡಿತು: ‘ಇಬ್ಬರೂ ಕೊನೆಯವರೆಗೂ ಆಪ್ತ ಗೆಳತಿಯರಾಗಿ ಉಳಿದರು. ಶುಭಂ.’

“ಎರಡು ಸುತ್ತು ಕುಣಿದು ಪಕ್ಕಕ್ಕೆ ಸರೀರಿ ಅಂದ ಆ ಡೈರೆಕ್ಟರು,” ಎಂದ ಕೂಸಪ್ಪ ಹೆಮ್ಮೆಯಿಂದ. “ಹೆಣ್ಣಿನ ಕೈ ಸೋಲೋಕ್ ಮುಂಚೆ ಸರಿಯಕ್ಕಾಗ್ತದ? ಕತ್ಲಾಗೋ ತಂಕ ಬಿಡ್ಲಿಲ್ಲ ನಾವು. ಮಾರನೇ ದಿನಕ್ಕೆ ಕುದುರೆ ಸಿಗ್ಲಿಲ್ವಂತೆ ಅವ್ರಿಗೆ, ಕೊನೇ ಸೀನು ತೆಗಿಯೋಕೇ ಆಗ್ಲಿಲ್ಲ.”

ಶೋಭಿತಾ ತೊಂಬತ್ತಾರು ಕಂತು ಕಾದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಸಿಟ್ಟೂ ಅಳುವೂ ಒಟ್ಟಿಗೇ ಬಂದು, ಹೇಳಬೇಕಾದದ್ದು ಬಾಯಿಂದ ಬಿದ್ದೇಬಿಟ್ಟಿತು.

“ಅವ್ರು ಬರೀ ಗೆಳತಿಯರಲ್ಲ ಅಪ್ಪ. ನಾನೂ ಸುಮಿತಾನೂ ಬರೀ ಗೆಳತಿಯರಲ್ಲ. ಬಾಳಿದ್ರೆ ನಾನು ಅವಳ ಜೊತೆನೇ ಬಾಳೋದು.”

ಕೂಸಪ್ಪ ಟಿವಿ ಆರಿಸಿದ.

“ಬಾಗ್ಲಲ್ಲಿ ಅವ್ಳು ಕಾಯ್ತಾ ಇದ್ಲು ಅಂತ ಶೂಟಿಂಗ್ ದಿನ ನಂಗೆ ಯಾರೂ ಹೇಳ್ಲಿಲ್ಲ ಮಗಾ,” ಎಂದು ಎದ್ದು ಹೋದ. ಆಮೇಲೆ ವಾರವಿಡೀ ಮಾತಿಲ್ಲ. ಅಪ್ಪ ಕೈಬಿಟ್ಟ ಎಂದೇ ಶೋಭಿತಾ ಹೆದರಿದಳು.

ಮುಂದಿನ ಭಾನುವಾರ ಎಂದಿನಂತೆ ಸುಮಿತಾ ಬಂದಳು. ನೀರಿನ ಮೋಟಾರು ಕೆಟ್ಟಿತ್ತು, ಕೆಳಗಿನ ಬಾವಿಯಿಂದ ಒಂದು ಕೊಡ ನೀರು ತರಲು ಹೋದಳು. ತಿರುಗಿ ಬರುವಾಗ ಅಂಗಳದಲ್ಲಿ ಕೂಸಪ್ಪ ಎರಡೂ ಕೈ ಚಾಚಿ ಅಡ್ಡ ನಿಂತಿದ್ದ. ಜಗಲಿಯಲ್ಲಿದ್ದ ಶೋಭಿತಾ ದಡಬಡನೆ ಎದ್ದು ನಿಂತಳು. ಒಳಗೆ ಬಿಡುವುದಿಲ್ಲ, ಮುಗಿಯಿತು ಎಂದುಕೊಂಡಳು.

ಕೂಸಪ್ಪ ಜೇಬಿನಿಂದ ಮೊಬೈಲ್ ತೆಗೆದು ವಾಲಗ ಹಾಕಿದ. ಕಟ್ಟೆಯ ಮೇಲಿಟ್ಟು ಕುಣಿಯತೊಡಗಿದ.

ಶೋಭಿತಾ ನಿಂತಲ್ಲೇ ಅತ್ತಳು. ಓಡಿಸಬೇಕಾದವಳ ಎದುರು ಯಾರೂ ಕುಣಿಯುವುದಿಲ್ಲ, ದಾರಿ ಕಟ್ಟುವುದು ಮನೆ ತುಂಬುವ ಹೆಣ್ಣಿಗೆ ಮಾತ್ರ.

ಕಾಲು ಗಂಟೆ ಕಳೆಯಿತು. ಸುಮಿತಾ ಎಡಕ್ಕೆ ಬಂದರೆ ಕೂಸಪ್ಪ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ.

“ಎಷ್ಟೊತ್ತು ಅಪ್ಪ?” ಎಂದಳು ಶೋಭಿತಾ, ಕಣ್ಣೊರೆಸಿಕೊಂಡು.

“ಅವ್ಳ ಕೈ ಸೋಲೋ ತಂಕ.”

ಸುಮಿತಾಳದು ಹೊಲಿಗೆ ಮಿಷನ್ನು ಎತ್ತಿ ಪಳಗಿದ ಕೈ. ಒಂದೂವರೆ ಗಂಟೆಯ ಮೇಲೆ ಮೊದಲು ಸೋತದ್ದು ಕೂಸಪ್ಪನ ಮಂಡಿ. ಅವನು ಪಕ್ಕಕ್ಕೆ ಸರಿದು, “ಬಾ ಮಗಾ,” ಎಂದ. ಅಷ್ಟರಲ್ಲಿ ಊಟ ತಣ್ಣಗಾಗಿತ್ತು.