ಅಂಡೆಗೆ ನೆರಳು

"ಏಯ್ ಮುದುಕಿ, ತಿಕ ಎತ್ತು ಅಲ್ಲಿಂದ! ನನ್ ತಲೆ ಎಲ್ಲೈತೆ, ನಿನ್ ತಿಕ ಎಲ್ಲೈತೆ, ಒಸಿ ನೋಡ್ಕೊ!"

ರೆಂತಿ ನೋಡಿಕೊಂಡಳು. ಗುಸ್ತಿ ಅಲಿತ್ ಹೇಳಿದ್ದು ಸುಳ್ಳೇನಲ್ಲ. ಅವನು ಕುರ್ಚಿಯ ಮೇಲಿದ್ದ, ಅವಳು ಹುಲ್ಲಿನ ಮಾಡಿನ ಕಟ್ಟೆಯ ಮೇಲಿದ್ದಳು. ಅವಳ ಕುಂಡಿ ಸರಿಯಾಗಿ ಅವನ ಕಿವಿಯ ಮಟ್ಟಕ್ಕೆ ಬಂದಿತ್ತು. ಕಡಲದಂಡೆಯ ಈ ಕಟ್ಟೆಯನ್ನು ಕಟ್ಟಿದವರು ಹೊರೆ ಹೊರುವ ಹೆಂಗಸರ ಗಂಡಂದಿರು. ಹೆಸರಿನ ಮುಂದೆ ಗುಸ್ತಿ ಎಂಬ ದೊಡ್ಡ ಕುಲದ ಬಿರುದಿರುವವನೊಬ್ಬ ಕಡಲಲ್ಲಿ ಮುಳುಗು ಹಾಕಲು ಬರುವವರ ಅಂಗಡಿಗೆ ಮ್ಯಾನೇಜರಾಗಿ ಬಂದು ಪಕ್ಕದಲ್ಲೇ ಕುರ್ಚಿ ಹಾಕಿಕೊಳ್ಳುತ್ತಾನೆಂದು ಅವರಿಗೆ ಯಾರು ಕನಸಿನಲ್ಲಿ ಹೇಳಿದ್ದರು?

"ಕುರ್ಚಿ ಕಾಲಿಗೆ ಇಟ್ಟಿಗೆ ಇಟ್ಕಳಿ ಬುದ್ದಿ," ಅಂದಳು ರೆಂತಿ. "ನಾನೇ ತಂದ್ಕೊಡ್ತೀನಿ, ತಲೆ ಮ್ಯಾಲೆ ಹೊತ್ಕಂಡು."

"ಬಾಯ್ಮುಚ್ಚೆ ಬೋಸುಡಿ! ಇಳೀರಿ ಎಲ್ರೂ. ಬಿಸಿಲಿಗೆ ಗಾಳಿ ಅಂಡೆ ಕಾಯ್ತವೆ. ಇವತ್ತಿಂದ ಈ ಕಟ್ಟೆ ಅಂಡೆಗೆ."

"ನಮಗೆ?"

"ಅಷ್ಟೊಂದ್ ಕಲ್ಲು ಬಿದ್ದವಲ್ಲ, ಯಾವ್ದಾದ್ರೂ ಒಂದನ್ನ ಆರಿಸ್ಕಳಿ."

ಕಲ್ಲಿಗೇನೂ ಬರವಿರಲಿಲ್ಲ. ಆಗುಂಗ್ ಎಂಬ ಬೆಂಕಿಬೆಟ್ಟ ಒಂದು ಕಾಲದಲ್ಲಿ ಕಾರಿಕೊಂಡ ಕರಿ ಗುಂಡುಕಲ್ಲುಗಳೇ ಆ ದಂಡೆಯ ತುಂಬ. ಅವುಗಳ ಮೇಲೆ ಬರಿಗೈಯಲ್ಲಿ ನಡೆಯುವುದೇ ಕಷ್ಟ. ಬೆನ್ನಿಗೆ ಗಾಳಿಯ ಅಂಡೆ ಕಟ್ಟಿಕೊಂಡು ಕಡಲಿನ ತಳ ನೋಡಲು ಬರುವ ಬಿಳಿಯರು ಆ ಕಲ್ಲುಗಳ ಮೇಲೆ ಕುಡಿದ ಬಾತುಗಳಂತೆ ಓಲಾಡುತ್ತಾರೆ. ಅದಕ್ಕೇ ಅಂಗಡಿಯಿಂದ ನೀರಿನ ಅಂಚಿನವರೆಗೆ ಅಂಡೆಗಳನ್ನು ಹೊತ್ತು ತರುವ ಕೆಲಸ ಹೆಂಗಸರದು. ತಲೆಗೆ ಸಿಂಬೆ, ಸಿಂಬೆಯ ಮೇಲೆ ಅಂಡೆ. ನಾಲ್ಕು ವರ್ಷದ ಮಗುವಿನಷ್ಟು ಭಾರ. ಆದರೆ ಮಗುವಾದರೆ ಕೊರಳು ತಬ್ಬಿ ಹಿಡಿದುಕೊಳ್ಳುತ್ತದೆ. ಅಂಡೆಗೆ ಆ ಪ್ರೀತಿಯಿಲ್ಲ.

ಹೆಂಗಸರು ಇಳಿದರು. ಅಂಡೆಗಳು ಕಟ್ಟೆ ಹತ್ತಿ ನೆರಳಿನಲ್ಲಿ ಸಾಲಾಗಿ ಕೂತವು, ಮದುವೆಗೆ ಬಂದ ಬೀಗರ ಹಾಗೆ.

"ಪುಣ್ಯ ಮಾಡಿರ್ಬೇಕು ಕಣಕ್ಕ," ಅಂದಳು ಮುರ್ನಿ, ಕಾದ ಕಲ್ಲಿನ ಮೇಲೆ ಒಮ್ಮೆ ಆ ಕುಂಡಿ ಒಮ್ಮೆ ಈ ಕುಂಡಿ ಊರುತ್ತಾ. "ಸತ್ತು ಹುಟ್ಟೋದಾದ್ರೆ ಇನ್ನೊಂದ್ ದಪ ಅಂಡೆಯಾಗೇ ಹುಟ್ಬೇಕು."

"ನೀನು ಈಗಾಗ್ಲೇ ಅಂಡೆ ಆಕಾರಕ್ಕೇ ಬಂದಿದ್ದೀಯ. ಒಂದು ಮುಚ್ಚಳ ಕಡಿಮೆ ಅಷ್ಟೇಯ," ಅಂದಳು ರೆಂತಿ.

ಎಲ್ಲರೂ ನಕ್ಕರು. ಸುಲಾತ್ರಿ ಮಾತ್ರ ನಗಲಿಲ್ಲ. ರೆಂತಿಯ ಸೊಸೆ ಅವಳು. ಏಳು ತಿಂಗಳ ಬಸುರಿ. ಗಂಡ ಯಾವುದೋ ಹಡಗಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ಎರಡು ಹೊರೆಗಳ ನಡುವೆ ನೆರಳಲ್ಲಿ ಕಾಲು ಚಾಚದಿದ್ದರೆ ಈ ಹೊಟ್ಟೆ ನಿಲ್ಲುವುದಿಲ್ಲ ಎಂದು ಸೂಲಗಿತ್ತಿ ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಹೊರೆ ಬಿಡುವ ಹಾಗಿರಲಿಲ್ಲ. ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬಳ ತಲೆ ಬರುತ್ತಿತ್ತು. ಹಾಗಾಗಿ ರೆಂತಿಗೆ ಆ ಕಟ್ಟೆ ಬರೀ ಕಟ್ಟೆಯಲ್ಲ, ಮೊಮ್ಮಗುವಿನ ತೊಟ್ಟಿಲು.

ಮೂರನೆಯ ದಿನ ಮಧ್ಯಾಹ್ನ ಸುಲಾತ್ರಿಗೆ ಕಣ್ಣು ಕತ್ತಲಿಟ್ಟಿತು. ನೀರಿನ ಅಂಚಿನಲ್ಲಿ ಕಾಲು ಜಾರಿ ಅವಳೊಂದು ಕಡೆ ಬಿದ್ದಳು, ಅಂಡೆಯೊಂದು ಕಡೆ. ಗುಸ್ತಿ ಕುರ್ಚಿಯಿಂದೆದ್ದು ಓಡಿಬಂದ. ಪರವಾಗಿಲ್ಲ, ಇವನಿಗೂ ಕರುಳಿದೆ ಅಂದುಕೊಂಡಳು ರೆಂತಿ. ಅವನು ಸುಲಾತ್ರಿಯನ್ನು ದಾಟಿ ಹೋಗಿ ಅಂಡೆಯ ಮುಂದೆ ಮಂಡಿಯೂರಿದ. ಅದನ್ನು ಮಗ್ಗುಲು ತಿರುಗಿಸಿ ಸವರಿದ. ಕತ್ತಿನ ಹತ್ತಿರ ಕಿವಿಯಿಟ್ಟು ಉಸಿರು ಸೋರುತ್ತಿದೆಯೇ ಎಂದು ಕೇಳಿಸಿಕೊಂಡ.

"ಬದುಕೈತಾ ಬುದ್ದಿ?" ಎಂದು ಕೇಳಿದಳು ರೆಂತಿ.

"ಏನೂ ಆಗಿಲ್ಲ ಸದ್ಯ," ಅಂದ ಗುಸ್ತಿ ಎದೆ ನೀವಿಕೊಳ್ಳುತ್ತಾ.

ಸುಲಾತ್ರಿಯನ್ನು ಹೆಂಗಸರೇ ಎತ್ತಿದರು. ಹೊಟ್ಟೆಯೊಳಗಿನ ಕೂಸು ಸಿಟ್ಟಿನಿಂದ ಒಂದು ಸಲ ಒದ್ದಿತು. ಆಮೇಲೇ ರೆಂತಿಗೆ ಉಸಿರು ಬಂದದ್ದು. ಸೊಸೆಗೆ ತನ್ನ ಮೇಲುಹೊದಿಕೆ ಸುತ್ತಿಸಿ, ಅವಳ ಒದ್ದೆಯಾದ ಸೊಂಟದ ಬಟ್ಟೆಯನ್ನು ಒಣಗಲೆಂದು ಓಣಿಯ ಬಾಯಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಹಾಕಿದಳು. ಅಂಗಡಿಯಿಂದ ದಂಡೆಗೆ ಇದ್ದದ್ದು ಎರಡು ಗೋಡೆಗಳ ನಡುವಿನ ಆ ಒಂದೇ ಓಣಿ. ಗಾಳಿ ಅಲ್ಲಿಯೇ ಚೆನ್ನಾಗಿ ಬೀಸುತ್ತಿತ್ತು, ಅದಕ್ಕೇ ಹಾಕಿದಳು. ಆಗ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಬಿಳಿಯರನ್ನು ನೀರಿಗಿಳಿಸುವ ಸುಪಾರ್ತ ಸಿಳ್ಳೆ ಹಾಕಿಕೊಂಡು ಓಣಿಯಲ್ಲಿ ಬಂದವನು, ಹಗ್ಗದ ಮುಂದೆ ಬೆಚ್ಚಿದ ಹೋರಿಯ ಹಾಗೆ ನಿಂತುಬಿಟ್ಟ.

"ರೆಂತಕ್ಕಾ, ಆ ಬಟ್ಟೆ ಎತ್ಕಳಕ್ಕೋ. ನಾ ಬರ್ಬೇಕು."

"ಬಾರ್ಲಾ, ಯಾರ್ ಬ್ಯಾಡ ಅಂದೋರು?"

"ಎಂಗ್ ಬರ್ಲಕ್ಕ? ತಲೆ ಐತಲ್ಲ!"

ಗಂಡಸಿನ ತಲೆಯಲ್ಲಿ ದೇವರು ಕೂತಿರುತ್ತಾನೆ. ಹೆಂಗಸಿನ ಸೊಂಟದಿಂದ ಕೆಳಗೆ ಉಟ್ಟ ಬಟ್ಟೆಯಡಿ ಆ ತಲೆ ಹಾದುಹೋದರೆ ದೇವರು ಎದ್ದುಹೋಗುತ್ತಾನೆ, ಬಲ ಸೋರಿಹೋಗುತ್ತದೆ. ಆ ಊರಿನ ಗಂಡಸರು ಹಾವಿನ ಹುತ್ತಕ್ಕೆ ಕೈ ಹಾಕಿಯಾರು, ಬಟ್ಟೆಯ ಹಗ್ಗದಡಿ ನುಗ್ಗುವವರಲ್ಲ. ಹೆಂಗಸರು ಇಂಥ ಬಟ್ಟೆಯನ್ನು ಮನೆಯ ಹಿಂದೆ ಮೊಣಕಾಲೆತ್ತರಕ್ಕೆ ಒಣಹಾಕುವುದು ಅದಕ್ಕೇ.

ರೆಂತಿ ಬಟ್ಟೆ ತೆಗೆದುಕೊಂಡಳು. ಸುಪಾರ್ತ ತಲೆ ಮುಟ್ಟಿ ನೋಡಿಕೊಂಡು ಹೋದ. ಅವಳು ಆ ಖಾಲಿ ಹಗ್ಗವನ್ನು ಬಹಳ ಹೊತ್ತು ನೋಡುತ್ತಾ ನಿಂತಳು. ಆಮೇಲೆ ಕೂಗಿದಳು: "ಮುರ್ನೀ, ನಿಮ್ಮನೇಲಿ ಒಗಿಯೋ ಬಟ್ಟೆ ಐತೇನೇ?"

ಮಾರನೆಯ ದಿನ ಹೆಂಗಸರು ನಸುಕಿಗೇ ಬಂದರು. ಎಲ್ಲ ಅಂಡೆಗಳನ್ನೂ ಹೊತ್ತು ನೀರಿನ ಅಂಚಿಗೆ ಸಾಲಾಗಿಟ್ಟರು. ಆಮೇಲೆ ಓಣಿಯ ಬಾಯಿಗೆ, ಗಂಟುಗಳು ಕಡಲಿನ ಬದಿಗೆ ಬರುವಂತೆ, ತಲೆಗಿಂತ ಮೇಲೆ ಹಗ್ಗ ಬಿಗಿದು ತಮ್ಮತಮ್ಮ ಸೊಂಟದ ಬಟ್ಟೆಗಳನ್ನೂ ಒಳಲಂಗಗಳನ್ನೂ ಹರವಿದರು. ನಟ್ಟನಡುವೆ ರೆಂತಿಯ ಸತ್ತ ಅತ್ತೆಯ ಲಂಗ. ಗಾಳಿಗೆ ಉಬ್ಬಿ ಹಾಯಿಯ ಹಾಗಾಗಿತ್ತು. ಎಲ್ಲ ಮುಗಿಸಿ ಕಟ್ಟೆ ಹತ್ತಿ, ಸುಲಾತ್ರಿಯನ್ನು ನಡುವೆ ಮಲಗಿಸಿಕೊಂಡು, ಎಲೆಯ ಅನ್ನದ ಪೊಟ್ಟಣ ಬಿಚ್ಚಿದರು.

ಗುಸ್ತಿ ಅಲಿತ್ ಬಿಳಿ ರುಮಾಲು ಸುತ್ತಿಕೊಂಡು ಓಣಿಯಲ್ಲಿ ಬಂದ. ನಿಂತ.

"ಯಾವ ಮುಂಡೇದೇ ಇದು?"

"ಎಲ್ಲಾ ಮುಂಡೇವ್ದೂ ಐತೆ ಬುದ್ದಿ," ರೆಂತಿ ಕೂತಲ್ಲಿಂದಲೇ ಕೂಗಿದಳು. "ಯಾವ್ದು ಬೇಕು?"

"ಕೆಲ್ಸ ಬಿಟ್ಟು ಬಟ್ಟೆ ಒಣಗುಸ್ತಿದ್ದೀರಾ?"

"ಕೆಲ್ಸ ಆಗೈತೆ ಬುದ್ದಿ. ಬಂದು ಅಂಡೆ ನೋಡ್ಕಳಿ. ಬಿಸಿಲಿಗೆ ಕಾಯ್ತಾವೆ ಪಾಪ."

ಗುಸ್ತಿ ಸುಪಾರ್ತನನ್ನು ಕರೆದು ಕಿತ್ತುಹಾಕು ಅಂದ. "ನನಗೂ ತಲೆ ಐತೆ ಬುದ್ದಿ," ಅಂದ ಸುಪಾರ್ತ. ಬಿಳಿಯರನ್ನು ಕರೆತಂದಿದ್ದ ಕಾರಿನ ಡ್ರೈವರು ದೂರ ನಿಂತು ಬಿದಿರುಗಳುವಿನಿಂದ ಹಗ್ಗ ಎತ್ತಿದ. ಸತ್ತ ಅತ್ತೆಯ ಲಂಗ ಗಾಳಿಗೆ ಇನ್ನಷ್ಟು ಮೇಲೆದ್ದು ಅವನ ತಲೆಯ ಕಡೆಗೇ ವಾಲಿತು. ಗಳು ಬಿಸಾಕಿ ಕಾರಿನೊಳಗೆ ಹೋಗಿ ಕೂತವನು ಆಮೇಲೆ ಇಳಿಯಲೇ ಇಲ್ಲ.

ಸುಪಾರ್ತನಿಲ್ಲದೆ ನೀರಿಗಿಳಿಯುವ ಹಾಗಿಲ್ಲದೆ ರಬ್ಬರಿನ ಅಂಗಿಯೊಳಗೆ ಬೇಯುತ್ತಿದ್ದ ಬಿಳಿಯರಲ್ಲೊಬ್ಬ ಉದ್ದನೆಯ ಹೆಂಗಸು ಫೋಟೋ ತೆಗೆಯುತ್ತಾ ಕೇಳಿದಳು: "ಎಷ್ಟು ಚೆನ್ನಾಗಿದೆ! ಇವತ್ತೇನು ಹಬ್ಬವೇ?"

ಇದು ನಮ್ಮ ಹೆಂಗಸರ ಲಂಗ, ಇದಕ್ಕೆ ನಾನು ಹೆದರಿದ್ದೇನೆ ಎಂದು ಗುಸ್ತಿ ಕುಲದವನು ಹೇಗೆ ಹೇಳಿಯಾನು? "ಹೌದು ಮೇಡಂ, ಹಬ್ಬ," ಅಂದ. ಹಬ್ಬ ಅಂದ ಮೇಲೆ ಮುಗಿಯಿತು. ತೋರಣ ಕೀಳು ಎಂದು ಅವಳಿಗೂ ಹೇಳುವ ಹಾಗಿರಲಿಲ್ಲ. ಅವಳು ತನ್ನವರನ್ನೆಲ್ಲ ಲಂಗದ ಮುಂದೆ ನಿಲ್ಲಿಸಿ ಇನ್ನೊಂದು ಫೋಟೋ ತೆಗೆದಳು. ಗುಸ್ತಿಯನ್ನೂ ಕೈ ಹಿಡಿದು ಎಳೆದಳು. ಅವನು ಹಿಂದೆ ಹಿಂದೆ ಸರಿದ.

ದಂಡೆ ಸೇರಲು ಉಳಿದದ್ದು ಒಂದೇ ದಾರಿ. ಗೋಡೆಯ ಕೊನೆಗೆ ಬಂಡೆ, ಬಂಡೆಯ ಬುಡಕ್ಕೆ ಕಡಲು. ಗುಸ್ತಿ ಚಪ್ಪಲಿ ಕೈಗೆ ತೆಗೆದುಕೊಂಡು ಬಂಡೆ ಬಳಸಿ ಹೊರಟ. ಹೆಂಗಸರು ಅನ್ನ ತಿನ್ನುವುದನ್ನು ನಿಲ್ಲಿಸಿ ನೋಡಿದರು.

"ಎಡಗಾಲು ಹುಷಾರು ಬುದ್ದಿ! ಅಲ್ಲಿ ಪಾಚಿ ಐತೆ!" ಮುರ್ನಿ ಕೂಗಿದಳು. ಪಾಚಿ ಇದ್ದದ್ದು ಬಲಗಾಲಿನ ಕಡೆ.

ಅಲೆಯೊಂದು ಬಂದು ಗುಸ್ತಿಯನ್ನು ಸೊಂಟದವರೆಗೆ ನುಂಗಿ, ರುಚಿ ಹಿಡಿಸದೆ ಉಗುಳಿತು. ಚಪ್ಪಲಿ ಹೋಯಿತು. ಬಿಳಿ ರುಮಾಲು ತಲೆ ಬಿಟ್ಟು ತೇಲುತ್ತಾ ದಂಡೆಯ ಕಡೆಗೆ ಬಂತು. ರೆಂತಿ ಕಟ್ಟೆಯಿಂದಿಳಿದು, ನೀರಿಗೆ ಕಾಲಿಟ್ಟು ಅದನ್ನು ಎತ್ತಿಕೊಂಡಳು.

"ಕೊಡೆ ಇಲ್ಲಿ!"

"ಒದ್ದೆ ಐತೆ ಬುದ್ದಿ. ನೆಗಡಿ ಆದಾತು."

ಅವಳು ರುಮಾಲನ್ನು ಚೆನ್ನಾಗಿ ಹಿಂಡಿದಳು. ಕಲ್ಲುಗಳ ಮೇಲೆ ಅಂಡೆ ಹೊತ್ತವಳ ನಡಿಗೆಯಲ್ಲೇ, ಅವಸರವಿಲ್ಲದೆ ಓಣಿಯ ಬಾಯಿಗೆ ಹೋದಳು. ಅತ್ತೆಯ ಲಂಗವನ್ನು ಒಂದಿಷ್ಟು ಸರಿಸಿ, ಅದರ ಪಕ್ಕದಲ್ಲಿ ರುಮಾಲನ್ನು ಹರವಿ, ಸುಕ್ಕು ತೀಡಿದಳು. ಹಗ್ಗದ ಆಚೆ ಸುಪಾರ್ತ ಬಾಯಿ ಬಿಟ್ಟು ನಿಂತಿದ್ದ.

"ಅಯ್ಯೋ ರೆಂತಕ್ಕ! ನಿನ್ ತಲೆ... ನೀನೂ ಅದ್ರಡಿ ನಿಂತಿದ್ದೀಯಲ್ಲ!"

"ನನ್ ತಲೇಲಿ ದೇವರೆಲ್ಲೈತೋ ಮಂಕೆ? ಅಂಡೆ ಕೂತ್ಕತದೆ ಅಂತ ಎಂದೋ ಜಾಗ ಬಿಟ್ಟು ಹೋಯ್ತು."

ಅವಳು ಮರಳಿ ಬಂದು ಕಟ್ಟೆ ಹತ್ತಿ, ಸುಲಾತ್ರಿಯ ಕಾಲನ್ನು ತೊಡೆಯ ಮೇಲೆಳೆದುಕೊಂಡು ಒತ್ತತೊಡಗಿದಳು. ಗುಸ್ತಿ ಅಲಿತ್ ಎರಡೂ ಕೈಯಿಂದ ಬೋಳು ತಲೆ ಮುಚ್ಚಿಕೊಂಡು ದಂಡೆಗೆ ಬಂದ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಗ್ಗ. ಹಗ್ಗದ ಮೇಲೆ ಲಂಗಗಳ ಜೊತೆ ತನ್ನದೇ ರುಮಾಲು. ಗಂಟು ಬಿಚ್ಚಲು ಹೋದರೂ ತಲೆ ಆ ಲಂಗಗಳಡಿಗೇ ಬರುತ್ತಿತ್ತು. ಹೋಗಲು ಜಾಗವಿಲ್ಲದೆ, ನೀರು ಸುರಿಸುತ್ತಾ ಬಂದು ಕಟ್ಟೆಯ ಪಕ್ಕದ ತನ್ನ ಕುರ್ಚಿಯಲ್ಲಿ ಕುಸಿದ. ಹೆಂಗಸರ ಕಾಲುಗಳು ಅವನ ಕಿವಿಯ ಹತ್ತಿರ ಸಾಲಾಗಿ ಜೋತಾಡುತ್ತಿದ್ದವು.

ರೆಂತಿ ಬಗ್ಗಿ, ಬಹಳ ಮರ್ಯಾದೆಯಿಂದ ಕೇಳಿದಳು:

"ಇಟ್ಟಿಗೆ ತರ್ಲಾ ಬುದ್ದಿ?"