ಮೇಲ್ಮನೆಯ ಕುಣಿತಕ್ಕೆ ತಕ್ಕ ಹಾಸು

ಆ ಚಳಿಗಾಲ ಬ್ರಿಟ್ಟಾ ನೋಡನೋಡುತ್ತಿದ್ದಂತೆ ಬೆಳೆದುಬಿಟ್ಟಳು. ಶಾಲೆ ಶುರುವಾದಾಗ ಕೊಂಡ ಪ್ಯಾಂಟು ಕ್ರಿಸ್‌ಮಸ್‌ಗೆ ಮೊದಲೇ ಮೊಣಕಾಲಿನತ್ತ ಹತ್ತತೊಡಗಿತ್ತು. ತನ್ನ ಕಾಲು ಎಲ್ಲಿ ಮುಗಿಯುತ್ತದೆಂದು ತನಗೇ ತಿಳಿಯದೆ ಮೇಜು, ಹೊಸ್ತಿಲು, ಬೆಕ್ಕು ಎಲ್ಲವನ್ನೂ ಎಡವುತ್ತಿದ್ದಳು. ತರಗತಿಯ ಹುಡುಗರಿಗಿಂತ ಎತ್ತರ ಕಾಣಬಾರದೆಂದು ಬೆನ್ನು ಬಾಗಿಸಿ ನಡೆಯುವುದು ರೂಢಿಯಾಗಿತ್ತು. ‘ನೆಟ್ಟಗೆ ನಿಲ್ಲು’ ಎಂದು ತಾಯಿ ರೋಂಡಾ ಒಮ್ಮೆಯೂ ಹೇಳಲಿಲ್ಲ. ಹೇಳಿದರೆ ಇನ್ನೂ ಬಾಗುತ್ತಾಳೆಂದು ಅವಳಿಗೆ ಗೊತ್ತಿತ್ತು.

ಹಾಗಿರುವಾಗ ಒಂದು ಭಾನುವಾರ, ಅಮೆರಿಕದ ಡುಲೂತ್ ಊರಿನಲ್ಲಿ, ಚೆಂಡು ಉರುಳಿಸಿ ಆಡುವ ಹಳೆಯ ಬೌಲಿಂಗ್ ಅಂಗಳದಲ್ಲಿ, ಬ್ರಿಟ್ಟಾ ಮೂಲೆಯಲ್ಲಿದ್ದ ಕುಣಿತದ ಯಂತ್ರವನ್ನು ಹತ್ತಿದಳು. ಪರದೆಯ ಮೇಲೆ ಬಾಣದ ಗುರುತು ಏರಿ ಬರುತ್ತದೆ; ಹಾಡಿನ ತಾಳಕ್ಕೆ ಸರಿಯಾಗಿ ಕಾಲಡಿಯ ಅದೇ ಬಾಣವನ್ನು ತುಳಿಯಬೇಕು. ಹುಡುಗಿ ತುಳಿದದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಹಾಡು ಅರ್ಧಕ್ಕೇ ನಿಂತುಹೋಯಿತು. ಆದರೆ ರೋಂಡಾ ನೋಡಿದ್ದು ಬೇರೆ: ಮಗಳ ಬೆನ್ನು ನೆಟ್ಟಗಿತ್ತು. ಎತ್ತರವಾಗಿದ್ದೇನೆಂಬುದನ್ನು ಅವಳು ಮರೆತಿದ್ದಳು.

ಮನೆಗೆ ಬರುವ ದಾರಿಯಲ್ಲೇ ರೋಂಡಾ ತೀರ್ಮಾನಿಸಿದಳು. ಯಂತ್ರವನ್ನಂತೂ ತರಲಾಗದು. ಕಂಪ್ಯೂಟರಿಗೆ ಸಿಕ್ಕಿಸಿ ನೆಲದ ಮೇಲೆ ಹಾಸುವ, ಅದೇ ಬಾಣಗಳಿರುವ ಡ್ಯಾನ್ಸ್ ಪ್ಯಾಡ್ ತರಬಹುದು.

ಅಡ್ಡಿಯಾಗಿದ್ದವರು ಒಬ್ಬರೇ, ಕೆಳಮನೆಯ ಥೋರಾ. ತಾಯಿ ಮಗಳು ಮಹಡಿಯಲ್ಲಿ ಬಾಡಿಗೆಗಿದ್ದ ಮನೆಯ ಒಡತಿ, ಎಂಬತ್ತರ ಹತ್ತಿರದವರು. ಹಿಂದಿನ ವರ್ಷ ಬ್ರಿಟ್ಟಾ ಮಹಡಿಯಲ್ಲಿ ಹಗ್ಗ ಜಿಗಿಯುವ ಆಟ ಆಡಿದಾಗ ಅವರ ಊಟದ ಮನೆಯ ತೂಗುದೀಪ ಗಿಲಿಗುಟ್ಟಿ, ಅದರ ಒಂದು ಗಾಜಿನ ಹನಿ ಸೀದಾ ಸೂಪಿನ ಬಟ್ಟಲಿಗೆ ಬಿದ್ದಿತ್ತು. ಹಗ್ಗ ಅಂದೇ ಮನೆ ಬಿಟ್ಟಿತು.

"ಕುಣಿಯೋ ಹಾಸಾ? ನನ್ನ ತಲೆ ಮೇಲಾ?" ಎಂದರು ಥೋರಾ, ಮೆಟ್ಟಿಲ ಮೇಲಿನ ಹಿಮ ಗುಡಿಸುತ್ತ.

"ಈಗಿನ್ನೂ ಕಲಿಯೋಳು, ಥೋರಾ. ಅಂಥ ಸದ್ದೇನೂ ಆಗಲ್ಲ."

"ಕಲಿಯೋರೇ ಕಣಮ್ಮ ಜಾಸ್ತಿ ಸದ್ದು ಮಾಡೋದು. ನಮ್ಮ ಚರ್ಚಿನ ಗಾಯನ ಕೇಳಿಲ್ವಾ ನೀನು?" ಪೊರಕೆಗೆ ಗಲ್ಲ ಊರಿ ಥೋರಾ ಯೋಚಿಸಿದರು. "ಶನಿವಾರ ಮಧ್ಯಾಹ್ನ ದೀಪದ ಕೆಳಗೆ ಕಾಫಿ ಹಿಡ್ಕೊಂಡು ಕೂತಿರ್ತೀನಿ. ಅದು ಒಂದು ಸಲ ಗಿಲಿ ಅಂದ್ರೂ ನಿಮ್ಮ ಹಾಸು ಆಚೆ. ಆಮೇಲೆ ಅಳೋದು ಕರೆಯೋದು ಇಲ್ಲ. ಒಪ್ಪಿಗೆನಾ?"

"ಒಪ್ಪಿಗೆ," ಎಂದಳು ರೋಂಡಾ, ಕೊಂಚವೂ ಅಳುಕದೆ. ಮೇಲಿನ ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದ ಬ್ರಿಟ್ಟಾಳ ಮುಖ ಮಾತ್ರ ಸಣ್ಣಗಾಗಿತ್ತು.

ಪ್ಯಾಡಿನ ಮಾತು ಬಂದರೆ ರೋಂಡಾಳ ತಮ್ಮ ಡ್ವೇನ್ ತನ್ನನ್ನು ಕೇಳದೆ ಯಾರೂ ಏನೂ ಕೊಳ್ಳಬಾರದು ಎನ್ನುವವನು. ಈಗ ಅವನು ನಗರಸಭೆಯ ಹಿಮ ತೆಗೆಯುವ ಲಾರಿ ಓಡಿಸುತ್ತಾನೆ. ಹರೆಯದಲ್ಲಿ ಅದೇ ಬೌಲಿಂಗ್ ಅಂಗಳದ ಯಂತ್ರದ ಮೇಲೆ ಅವನನ್ನು ಸೋಲಿಸುವವರಿರಲಿಲ್ಲ.

"ಬಟ್ಟೆ ಪ್ಯಾಡ್ ಎಲ್ಲ ಮಕ್ಕಳಾಟ ಅಕ್ಕ. ಉಕ್ಕಿಂದು ಬೇಕು, ಉಕ್ಕಿಂದು. ಹೊಸದು ಕೊಂಡ್ರೆ ನಿನ್ನ ತಿಂಗಳ ದಿನಸಿ ನುಂಗುತ್ತೆ. ನನ್ನ ಹಳೇದೇ ತಗೊಂಡು ಹೋಗು."

ಅವನ ಗ್ಯಾರೇಜಿನಲ್ಲಿ ಬ್ರಿಟ್ಟಾ ಅದರ ಮೇಲೆ ಆಡಿದಳು. ಚೆನ್ನಾಗಿಯೇ ಇತ್ತು. ಅಕ್ಕ ತಮ್ಮ ಇಬ್ಬರೂ ಹೆಣ ಹೊತ್ತ ಹಾಗೆ ಅದನ್ನು ಹೊತ್ತು ಮಹಡಿ ಹತ್ತಿಸಿದರು. ಬಾಗಿಲಲ್ಲಿ ಎಲ್ಲರೂ ಎಂದಿನಂತೆ ಬೂಟು ಕಳಚಿದರು. ಆ ಊರಿನಲ್ಲಿ ಬೂಟುಗಾಲಲ್ಲಿ ಒಳಗೆ ಬರುವ ಹಕ್ಕು ಪಾದ್ರಿಗೂ ಇಲ್ಲ. ಬ್ರಿಟ್ಟಾ ಉಣ್ಣೆಯ ಕಾಲುಚೀಲದಲ್ಲಿ ಪ್ಯಾಡ್ ಹತ್ತಿದಳು, ಮೊದಲ ಬಾಣ ತುಳಿದಳು, ಜರ್ರನೆ ಜಾರಿ ಕುಕ್ಕರಿಸಿದಳು. ಎದ್ದು ಎರಡನೆಯದನ್ನು ತುಳಿದಾಗ ಉಕ್ಕಿನ ಅಂಚು ಅಂಗಾಲಿಗೆ ಕಚ್ಚಿತು.

"ಅಯ್ಯೋ! ಮಾಮ, ಇದು ಕಚ್ಚುತ್ತೆ!"

ಡ್ವೇನ್ ತಾನೂ ಹತ್ತಿ ನೋಡಿ ಹೌಹಾರಿದ. "ಇಷ್ಟು ವರ್ಷ ಆಡಿದೀನಿ, ಇದಕ್ಕೆ ಹಲ್ಲಿದೆ ಅಂತ ಗೊತ್ತೇ ಇರಲಿಲ್ಲ."

"ಬೂಟು ಹಾಕ್ಕೊಂಡು ಆಡಿದ್ರೆ ಹೇಗೋ ಗೊತ್ತಾಗುತ್ತೆ?" ಎಂದಳು ರೋಂಡಾ. "ಅಂಗಳದಲ್ಲೂ ಬೂಟು, ಗ್ಯಾರೇಜಲ್ಲೂ ಬೂಟು. ನಾನೂ ಅಲ್ಲೇ ನಿಂತು ನೋಡ್ದೆ, ನನಗೂ ಹೊಳೀಲಿಲ್ಲ."

"ಹಾಗಾದ್ರೆ ಬೂಟು ಹಾಕ್ಕೊಂಡೇ ಆಡಲಿ ಬಿಡು."

ರೋಂಡಾ ತಮ್ಮನ ಕಾಲುಚೀಲದ ತೂತಿನಿಂದ ಇಣುಕುತ್ತಿದ್ದ ಹೆಬ್ಬೆರಳನ್ನು ದಿಟ್ಟಿಸಿದಳು.

"ಸರಿ ಸರಿ, ಬಾಯಿ ತಪ್ಪಿ ಬಂತು," ಎಂದು ಡ್ವೇನ್ ವಾಪಸ್ ಒಯ್ಯಲು ಪ್ಯಾಡಿನ ಒಂದು ತುದಿ ಎತ್ತಿದ.

ಮರುದಿನ ಕೆಲಸ ಮುಗಿಸಿ ರೋಂಡಾ ಮಗಳನ್ನು ಅಂಗಡಿಗೆ ಕರೆದೊಯ್ದಳು. ಅಲ್ಲಿ ಮಾದರಿಗೆಂದು ಬಿಡಿಸಿಟ್ಟ ಪ್ಯಾಡುಗಳಿದ್ದವು. ಎಲ್ಲಕ್ಕಿಂತ ಅಗ್ಗದ್ದು ಮೇಜುಬಟ್ಟೆಯಷ್ಟು ತೆಳ್ಳಗಿತ್ತು. ರೋಂಡಾ ಕಾಲುಚೀಲದಲ್ಲಿ ಅದರ ಮೇಲೆ ನಿಂತು ಹಿಮ್ಮಡಿ ತಿರುಗಿಸಿದಳು; ಬಾಣಗಳೆಲ್ಲ ಮುದುಡಿ ಒಂದರ ಮೇಲೊಂದು ಬಿದ್ದವು.

"ಇದೇ ಸಾಕಮ್ಮಾ. ಅಗ್ಗ ಇದೆ."

"ಅಗ್ಗ ಹೌದು. ಆದ್ರೆ ಇದು ಮುದುಡಿ ನಿನಗೆ ತಪ್ಪಾದ್ರೆ ನೀನು ಪ್ಯಾಡನ್ನ ಬೈಯಲ್ಲ ಪುಟ್ಟಿ, ನಿನ್ನ ಕಾಲನ್ನ ಬೈಕೋತೀಯ."

ಬ್ರಿಟ್ಟಾ ಮುಂದಿನ ಪ್ಯಾಡಿನತ್ತ ಸರಿದಳು. ತಾಯಿ ಹೇಳಿದ್ದು ನಿಜವೆಂದು ಇಬ್ಬರಿಗೂ ಗೊತ್ತಿತ್ತು.

ಎರಡನೆಯದರ ಒಳಗೆ ದಪ್ಪ ಸ್ಪಂಜಿನ ಹಲಗೆಗಳಿದ್ದವು. ತಿರುಗಿಸಿದರೂ ಕದಲಲಿಲ್ಲ. ಪ್ರತಿ ಬಾಣದ ಸುತ್ತ ಹಗ್ಗದಂಥ ಉಬ್ಬುಗೆರೆ ಇತ್ತು.

"ಕಣ್ಣು ಮುಚ್ಕೋ. ಎಡದ ಬಾಣ ಎಲ್ಲಿದೆ ಹೇಳು."

ಬ್ರಿಟ್ಟಾಳ ಉದ್ದನೆಯ ಪಾದ ತಡವಿತು, ಗೆರೆ ಸಿಕ್ಕಿತು, ಒಳಗೆ ಹೋಗಿ ಕುಳಿತಿತು. ಅವಳು ಕಣ್ಣು ಬಿಡದೆಯೇ ನಕ್ಕಳು. ಅದರ ಬೆಲೆ ಕೈಗೆ ಎಟುಕುವಂತಿತ್ತು. ಇನ್ನೂ ಮೇಲಿನ ಸಾಲಿನಲ್ಲಿದ್ದ ಹೊಳೆಯುವ ಪ್ಯಾಡುಗಳತ್ತ ರೋಂಡಾ ತಿರುಗಿಯೂ ನೋಡಲಿಲ್ಲ. ಕಾಲುಚೀಲಕ್ಕೆ ಒಗ್ಗಬೇಕು, ಮುದುಡಬಾರದು, ನೋಡದೆ ಕಾಲಿಗೆ ಸಿಗಬೇಕು. ಕಲಿಯುವವಳಿಗೆ ಬೇಕಾದ್ದು ಅಷ್ಟೇ.

ಡ್ವೇನ್ ಹೊಸ ಪ್ಯಾಡನ್ನು ಪ್ಲೈವುಡ್ ಹಲಗೆಗೆ ಅಂಟುಪಟ್ಟಿಯಿಂದ ಬಿಗಿದ. ಹಲಗೆಯ ಕೆಳಗೆ ದಪ್ಪ ಕಂಬಳಿ ಮಡಿಸಿ ಹಾಕಿದ. "ಇನ್ನು ಆನೆ ಕುಣಿದ್ರೂ ಕೇಳಲ್ಲ ನೋಡು," ಎಂದ.

ಗುರುವಾರ ಥೋರಾ ಕೌದಿ ಹೊಲಿಯುವ ಗುಂಪಿಗೆ ಹೋಗಿದ್ದರು. ಗಿಡಗಳಿಗೆ ನೀರು ಹಾಕಲೆಂದು ಅವರು ಕೊಟ್ಟಿದ್ದ ಕೀಲಿ ರೋಂಡಾಳ ಬಳಿ ಇತ್ತು. ಅವಳು ನೀರು ಹಾಕಿ, ದೀಪದ ಕೆಳಗೆ ನಿಂತು, ಮೇಲಿದ್ದ ಬ್ರಿಟ್ಟಾಳಿಗೆ ಆಡಲು ಕೂಗಿ ಹೇಳಿದಳು.

ಧಬ್-ಧಬ್. ಧಬ್-ಧಬ್. ಗಾಜಿನ ಹನಿಗಳು ಗಿಲಿಗಿಲಿ ಎಂದವು.

ರೋಂಡಾ ಮೇಲೆ ಹೋದಳು. ಬ್ರಿಟ್ಟಾ ತಾಯಿಯ ಮುಖ ನೋಡಿದ್ದೇ ತಡ, ಬಾಗಿದಳು. "ಆಗಲಿಲ್ಲ ಅಲ್ವಾ? ನಾನು ತುಂಬಾ ಉದ್ದ ಇದೀನಿ. ತುಂಬಾ ಭಾರ."

"ಇನ್ನೊಂದು ಸಲ ಆಡು. ನಾನು ನೋಡ್ಬೇಕು."

ಪಾತ್ರೆ ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ರೋಂಡಾ ನೆಲದ ಮೇಲೆಯೇ ಕುಳಿತಳು. ಪರದೆಯನ್ನು ನೋಡದೆ ಕಾಲನ್ನು ಮಾತ್ರ ನೋಡಿದಳು. ಎಡಬಾಣ, ಮತ್ತೆ ನಡುವಿಗೆ. ಬಲಬಾಣ, ಮತ್ತೆ ನಡುವಿಗೆ. ಹಾಡು ಒಂದು ಹೆಜ್ಜೆ ಕೇಳಿದರೆ ಹುಡುಗಿ ಹಾರಿ ಹಾರಿ ಎರಡು ಕೊಡುತ್ತಿದ್ದಳು; ಅದಕ್ಕೇ ಆ ಧಬ್-ಧಬ್.

"ಪ್ರತಿ ಸಲ ನಡುವೆ ಯಾಕೆ ಬರ್ತೀಯ?"

"ನಡುವೆ ತಾನೇ ನಿಲ್ಲೋ ಜಾಗ? ತುಳಿದು ವಾಪಸ್ ಬರಬೇಕಲ್ವಾ?"

"ಯಾರು ಹೇಳಿದ್ದು?"

ಬ್ರಿಟ್ಟಾ ಯೋಚಿಸಿದಳು. ಯಾರೂ ಹೇಳಿರಲಿಲ್ಲ.

ರೋಂಡಾ ಡ್ವೇನ್‌ಗೆ ಫೋನ್ ಮಾಡಿದಳು. "ಓ, ಅದಾ?" ಎಂದ ಅವನು, ಬಾಯಲ್ಲಿ ಏನೋ ಅಗಿಯುತ್ತ. "ಹೊಸಬರೆಲ್ಲ ಹಾಗೇ. ಕಾಲು ಬಿದ್ದಲ್ಲೇ ಬಿಡಬೇಕು. ಬಾಣದ ಮೇಲೆ ನಿಂತಿದ್ರೆ ಏನೂ ತಪ್ಪಿಲ್ಲ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತೋ ನಿಂಗೆ?"

"ನೀನು ಪ್ಯಾಡ್ ಬಗ್ಗೆ ಕೇಳ್ದೆ. ಕಾಲಿನ ಬಗ್ಗೆ ಕೇಳಲಿಲ್ವಲ್ಲ."

ಫೋನಿಟ್ಟು ರೋಂಡಾ ಮಗಳ ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದು ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಟ್ಟಳು. "ಇಲ್ಲೇ ಇರು. ಮುಂದಿನ ಬಾಣ ಕರೆದಾಗ ಇಲ್ಲಿಂದಲೇ ಹೋಗು. ಇಷ್ಟುದ್ದ ಕಾಲು ಇರೋದು ಯಾಕೆ ಅಂದ್ಕೊಂಡೆ? ಬೇರೆಯವರು ಹಾರಬೇಕು, ನೀನು ಸುಮ್ನೆ ಚಾಚಿದ್ರೆ ಸಾಕು."

ಮೊದಲು ಎಡವಟ್ಟಾಯಿತು. ಅಭ್ಯಾಸ ಬಿಡುವುದು ಕಲಿಯುವುದಕ್ಕಿಂತ ಕಷ್ಟ. ಸೂಪು ಕುದಿದು ಇಳಿಯುವ ಹೊತ್ತಿಗೆ ಹುಡುಗಿ ನಡುವನ್ನು ಮರೆಯತೊಡಗಿದಳು. ಶುಕ್ರವಾರ ಸಂಜೆ ಶಾಲೆಯ ಚೀಲವನ್ನೂ ಇಳಿಸದೆ ಪ್ಯಾಡ್ ಹತ್ತಿದಳು. ಚೀಲವನ್ನಾದರೂ ಇಳಿಸು ಎಂದು ರೋಂಡಾ ಹೇಳಬೇಕಾಯಿತು.

ಶನಿವಾರ ಮಧ್ಯಾಹ್ನ ಕೆಳಗೆ ಕುರ್ಚಿ ಎಳೆದ ಸದ್ದು ಕೇಳಿತು. ಬ್ರಿಟ್ಟಾ ಹಾಡು ಹಾಕಿದಳು. ಎಡ, ಮೇಲೆ, ಬಲ. ಪಾದ ಬಿದ್ದಲ್ಲೇ ಉಳಿಯಿತು, ಅಲ್ಲಿಂದ ಮುಂದಕ್ಕೆ ಚಾಚಿತು. ಹಾಡಿನ ಮಧ್ಯೆ ಒಂದು ಕಡೆ ಸಾಲಾಗಿ ತಪ್ಪಿದಳು. ತುಟಿ ಕಚ್ಚಿ ಮತ್ತೆ ತಾಳ ಹಿಡಿದಳು. ಹಾಡು ಕೊನೆಯವರೆಗೂ ಓಡಿತು. ಇನ್ನೊಂದು ಹಾಕಿದಳು. ಅದೂ ಮುಗಿಯಿತು. ಕೆಳಗಿನಿಂದ ಉಸಿರಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಬಾಗಿಲಲ್ಲಿ ಥೋರಾ, ಕೈಯಲ್ಲಿ ಖಾಲಿ ಕಾಫಿ ಲೋಟ, ಮುಖ ಸಿಡಿಮಿಡಿ.

"ಯಾವಾಗ ಶುರು ಮಾಡ್ತೀರಿ? ನನ್ನ ಕಾಫಿಯೇ ಮುಗಿದುಹೋಯ್ತು."

"ಎರಡು ಹಾಡು ಆಯ್ತು," ಎಂದಳು ಬ್ರಿಟ್ಟಾ. ಮೈ ಬೆವರಿತ್ತು. ಅವಳು ನೆಟ್ಟಗೆ ನಿಂತಿದ್ದಳು. ಥೋರಾ ತಲೆಯೆತ್ತಿ ನೋಡಬೇಕಾಯಿತು.

"ಹೌದಾ?" ಥೋರಾ ಪ್ಯಾಡನ್ನೂ ಹುಡುಗಿಯನ್ನೂ ದಿಟ್ಟಿಸಿದರು. "ಭಾನುವಾರ ಬೆಳಗ್ಗೆ ಬೇಡ. ರೇಡಿಯೋದಲ್ಲಿ ಪ್ರಾರ್ಥನೆ ಕೇಳ್ತೀನಿ. ಬೇರೆ ಯಾವಾಗ ಬೇಕಾದ್ರೂ ಕುಣ್ಕೋ. ಎಷ್ಟು ಎತ್ತರ ಆಗಿದೀಯೇ ಹುಡುಗಿ! ನಾಳೆ ಬಂದು ನನ್ನ ಅಟ್ಟದ ಮೇಲಿನ ದೊಡ್ಡ ಪಾತ್ರೆ ಇಳಿಸಿಕೊಡು."

ಅವರು ಇಳಿದು ಹೋದ ಮೇಲೆ ಬ್ರಿಟ್ಟಾ ತಾಯಿಯ ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡಳು. "ಈಗ ನೀನು."

"ನನಗೆ ಕೆಲಸ ಇದೆ ಕಣೇ."

"ಒಂದೇ ಹಾಡು!"

ರೋಂಡಾ ಹತ್ತಿದಳು. ಬಾಣ ಬಂತು, ತುಳಿದಳು, ನಡುವಿಗೆ ಬಂದಳು. ಧಬ್-ಧಬ್.

"ರೋಂಡಾ!" ಕೆಳಗಿನಿಂದ ಕೂಗು ಬಂತು. "ಅದು ನೀನೇ ಅಂತ ಗೊತ್ತಾಯ್ತು! ಇಳಿ ಕೆಳಗೆ!"

"ಇಳೀಬೇಡ," ಎಂದಳು ಬ್ರಿಟ್ಟಾ, ನಗು ತಡೆಯಲಾರದೆ. ಮೊಣಕಾಲೂರಿ ಕುಳಿತು ತಾಯಿಯ ಪಾದಗಳನ್ನು ಹಿಡಿದಳು. "ಇಲ್ಲೊಂದು, ಇಲ್ಲೊಂದು. ಹೀಗೇ ನಿಂತಿರು ಅಮ್ಮಾ. ಅವಸರ ಇಲ್ಲ."